ಸಂಜೆ ಬಸ್ಸಿಗೆ ಮರಳಿದ ಬುತ್ತಿ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ನಾಲ್ಕು ಪುಟದ ಪತ್ರಿಕೆ. ಹತ್ತಿ, ಶೇಂಗಾದ ಧಾರಣೆ, ಕಾಲುವೆ ನೀರು, ತಾಲ್ಲೂಕು ಸಭೆ, ಕಳುವು, ಸಾವು ಇಷ್ಟು ತುಂಬಿದರೆ ಪುಟ ಮುಗಿಯುತ್ತಿತ್ತು. ಭಾನುವಾರ ಮಾತ್ರ ಮೂರನೇ ಪುಟದ ಕೆಳಭಾಗವನ್ನು ಕಾಲೇಜು ಹುಡುಗರಿಗೆ ಬಿಟ್ಟುಕೊಟ್ಟಿದ್ದೆವು. ಅಂಕಣದ ಹೆಸರು ‘ಕಾಕಾನ ಕಟ್ಟೆ’. ವಿದ್ಯಾರ್ಥಿಗಳು ಪ್ರಶ್ನೆ ಬರೆದು ಕಳಿಸುತ್ತಿದ್ದರು, ಕಾಕಾ ಎಂಬುವವನು ಉತ್ತರ ಹೇಳುತ್ತಿದ್ದ. ಓದುವವರ ಕಲ್ಪನೆಯಲ್ಲಿ ಕಾಕಾ ಬಿಳಿ ಮೀಸೆಯ, ಮೊಮ್ಮಕ್ಕಳನ್ನು ಕಂಡ ಮನುಷ್ಯ. ಆ ಕಾಕಾ ನಾನು. ನನಗೆ ಮದುವೆಯಾಗಿರಲಿಲ್ಲ. ಮೀಸೆಯೂ ಹೇಳಿಕೊಳ್ಳುವ ಹಾಗೆ ಬಂದಿರಲಿಲ್ಲ. ಕಾಕಾ ಯಾರು ಎಂಬುದನ್ನು ಹೊರಗೆ ಬಾಯಿಬಿಡಬಾರದು ಎಂದು ಸಂಪಾದಕರು ಮೊದಲ ವಾರವೇ ಹೇಳಿದ್ದರು.

ಕೆಲಸ ಹಗುರವಾಗಿತ್ತು. ದೇವದುರ್ಗದ ಹುಡುಗನೊಬ್ಬ, ಇತಿಹಾಸದ ಪಾಠ ಶುರುವಾದ ಕೂಡಲೇ ನಿದ್ದೆ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದ. ಮುಂದಿನ ಬೆಂಚಿಗೆ ಹೋಗು, ನಿದ್ದೆಯಲ್ಲೂ ಪಾಠ ಕಿವಿಗೆ ಹತ್ತಿರವಿರುತ್ತದೆ ಎಂದೆ. ಮಾನ್ವಿಯವನೊಬ್ಬನಿಗೆ ರೂಮಿನ ಗೆಳೆಯ ತನ್ನ ಅಂಗಿ ಹಾಕಿಕೊಂಡು ತಿರುಗುವ ಚಿಂತೆ. ಹಾಕಿಕೊಂಡವನೇ ಒಗೆಯಬೇಕೆಂದು ಕಾನೂನು ಮಾಡು, ಅಂಗಿ ಸ್ವಚ್ಛವೂ ಆಗುತ್ತದೆ, ಸ್ನೇಹವೂ ಉಳಿಯುತ್ತದೆ ಎಂದೆ. ಪ್ರಾಣಿಶಾಸ್ತ್ರದ ಪ್ರಯೋಗದಲ್ಲಿ ಕಪ್ಪೆ ಮುಟ್ಟಲು ಹೇಸಿಗೆ ಎಂದು ಬರೆದ ಹುಡುಗಿಗೆ, ಕಪ್ಪೆಗೂ ನಿಮ್ಮ ಕೈಗೆ ಬರುವ ಆಸೆ ಇರಲಿಲ್ಲ, ಇಬ್ಬರೂ ಬೇಗ ಮುಗಿಸಿಕೊಳ್ಳಿ ಎಂದೆ. ಅಚ್ಚುಮೊಳೆ ಜೋಡಿಸುವವರು ಓದಿ ನಕ್ಕರೆ ಆ ಉತ್ತರ ಪಾಸು. ಅದೇ ನನ್ನ ಅಳತೆ.

ಆದರೆ ಪ್ರಶ್ನೆಗಳಲ್ಲಿ ಬಹುಪಾಲು ಇನ್ನೊಂದು ಜಾತಿಯವು. ಸಿನಿಮಾಕ್ಕೆ ಹೋಗಿದ್ದೆ, ಅರ್ಧಕ್ಕೆ ದೀಪ ಹತ್ತಿದಾಗ ಅಪ್ಪ ಹೊಲದಲ್ಲಿ ನಿಂತದ್ದು ಕಣ್ಣಿಗೆ ಬಂತು. ಜಾತ್ರೆಗೆಂದು ಊರಿಗೆ ಹೋಗದೆ ಪರೀಕ್ಷೆ ಇದೆ ಎಂದು ಸುಳ್ಳು ಹೇಳಿದೆ. ಅವ್ವ ಕಾಲೇಜಿಗೆ ಬಂದಾಗ ಗೆಳೆಯರಿಗೆ ಊರಿನವರು ಯಾರೋ ಎಂದೆ. ಇಂಥವು. ಓದಲು ಬಂದ ಮೊದಲ ತಲೆಮಾರಿನ ಮಕ್ಕಳು ಅವರು. ನಕ್ಕ ಮೇಲೊಮ್ಮೆ, ತಿಂದ ಮೇಲೊಮ್ಮೆ ಮನೆಯ ಕಡೆ ತಿರುಗಿ ನೋಡುತ್ತಿದ್ದರು. ಸಿನಿಮಾದವನಿಗೆ ನಾನು ಕೊಟ್ಟ ಉತ್ತರ: ‘ಉಳಿದರ್ಧವನ್ನೂ ನೋಡಿಯೇ ಬಾ. ಅರ್ಧಕ್ಕೆ ಎದ್ದರೆ ಅಪ್ಪನ ದುಡ್ಡಿಗೆ ಅರ್ಧವೇ ಬೆಲೆ.’ ಅದಕ್ಕೂ ಎಲ್ಲರೂ ನಕ್ಕರು.

ಇನ್ನು ಬುತ್ತಿಯ ವಿಷಯ. ಆಗ ಹಳ್ಳಿಗಳಿಂದ ಬಂದು ಬಾಡಿಗೆ ರೂಮುಗಳಲ್ಲಿದ್ದ ಹುಡುಗರಿಗೆ ಮನೆಯಿಂದ ಬಸ್ಸಿಗೆ ಊಟ ಬರುತ್ತಿತ್ತು. ಗಬ್ಬೂರು, ಕುರ್ಡಿ, ಮಟಮಾರಿ, ಮಾನ್ವಿ, ಯಾವ ಕಡೆಯ ಬಸ್ಸಾದರೂ ಸರಿ, ಮುಂಜಾನೆ ಊರ ಮುಂದೆ ನಿಂತಾಗ ತಾಯಂದಿರು ಕಿಟಕಿಯಿಂದ ಗಂಟು ಕೊಡುತ್ತಿದ್ದರು. ಚೌಕ ಬಟ್ಟೆಯ ಅರಿವೆಯಲ್ಲಿ ಜೋಳದ ರೊಟ್ಟಿ, ನಡುವೆ ಪುಂಡಿಪಲ್ಯ ಇಲ್ಲವೇ ಶೇಂಗಾ ಪುಡಿ. ಕಂಡಕ್ಟರ್ ಅವನ್ನು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಪೇರಿಸುತ್ತಿದ್ದ. ಎಂಜಿನ್ನಿನ ಶಾಖಕ್ಕೆ ರೊಟ್ಟಿ ರಾಯಚೂರು ಮುಟ್ಟುವ ತನಕ ಬೆಚ್ಚಗಿರುತ್ತಿತ್ತು. ಗಂಟಿನ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಯಾವ ಅರಿವೆ ಯಾರದೆಂಬುದು ಕಂಡಕ್ಟರನಿಗೂ ಹುಡುಗರಿಗೂ ಗೊತ್ತು. ಸಂಜೆ ಅದೇ ಬಸ್ಸಿಗೆ ಬರಿ ಅರಿವೆ ಮಡಿಸಿ ವಾಪಸ್ಸು ಕೊಡುವುದು ಪದ್ಧತಿ. ನಾನು ರಾಯಚೂರಿನಲ್ಲೇ ಹುಟ್ಟಿ, ಮನೆಯಲ್ಲೇ ಉಂಡು ಓದಿದವನು. ಅರಿವೆ ವಾಪಸ್ಸು ಹೋಗುವುದು ನಾಳೆಯ ರೊಟ್ಟಿ ಕಟ್ಟಲಿಕ್ಕೆ ಎಂದಷ್ಟೇ ತಿಳಿದಿದ್ದೆ. ಹುಡುಗರೂ ಹಾಗೆಯೇ ತಿಳಿದಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಆಗ ನಾನು ಮನೆಯಿಂದ ಬೇರೆಯಾಗಿ ತೀನ್ ಕಂದೀಲ್ ವೃತ್ತದ ಹತ್ತಿರದ ಚಾಳಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಯಲ್ಲಿ ಗಬ್ಬೂರಿನ ಹುಡುಗನೊಬ್ಬನಿದ್ದ. ಬಿ.ಎಸ್ಸಿ. ಎರಡನೇ ವರ್ಷ. ಕುರಿ ಕಾಯುವ ಮನೆತನ. ಅವನ ಅಣ್ಣ ಮೊದಲು ರಾಯಚೂರಿನ ಹತ್ತಿ ಮಿಲ್ಲಿಗೆ ದುಡಿಯಲು ಬಂದು, ಕಾಮಾಲೆ ಹತ್ತಿಸಿಕೊಂಡು ಊರಿಗೆ ಹೋಗಿ, ಬದುಕಿದನೆಂದರೆ ಬದುಕಿದ ಎಂಬಂತಾಗಿದ್ದ. ಹೀಗಾಗಿ ತಮ್ಮನನ್ನು ಓದಲು ಕಳಿಸುವಾಗ ಅಪ್ಪ ಒಂದೇ ಕರಾರು ಹಾಕಿದ್ದ. ಹುಡುಗ ಅದನ್ನು ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದ: “ಪ್ಯಾಟಿ ನೀರು ಮೈಗೆ ಹಿಡಿಲಿಲ್ಲಂದ್ರ ಅವತ್ತೇ ಟ್ರಂಕ್ ಎತ್ತೂದು. ಡಿಗ್ರಿನೂ ಬ್ಯಾಡ, ಗಿಗ್ರಿನೂ ಬ್ಯಾಡ.” ಹೇಳಿ ತಾನೇ ನಗುತ್ತಿದ್ದ. ಜ್ವರ ಬಂದರೆ ಊರಿಗೆ ತಿಳಿಸುತ್ತಿರಲಿಲ್ಲ. ನೆಗಡಿಯಾದರೆ ಆ ವಾರ ಊರಿಗೇ ಹೋಗುತ್ತಿರಲಿಲ್ಲ.

ಒಂದು ಸಂಜೆ ಅವನು ನನ್ನ ಬಾಗಿಲಿಗೆ ಬಂದು ನಿಂತ.

“ಅಣ್ಣಾ, ನಿಮ್ಮ ಪೇಪರಿನ ಕಾಕಾ ನಿಮಗ ಗೊತ್ತೇನ್ರಿ?”

“ನೋಡೀನಿ.”

“ಒಂದ್ ಪ್ರಶ್ನೆ ಕೊಡ್ತೀನಿ. ಅವರಿಗೆ ಮುಟ್ಟಸ್ರಿ. ನೀವು ಓದಬ್ಯಾಡ್ರಿ ಮತ್ತ.”

“ಪ್ರೇಮದ್ದೇನೋ?”

“ಅಯ್ಯ, ಅದಾದ್ರ ನಿಮ್ನ ಕೇಳ್ತಿದ್ದೆ. ಇದು ರೊಟ್ಟೀದು.”

ಬಾಯಲ್ಲೇ ಹೇಳಿಬಿಟ್ಟ. ಅವ್ವ ದಿನಾ ಬುತ್ತಿ ಕಳಿಸುತ್ತಾಳೆ. ಬಸ್ಸು ಬರುವ ಹೊತ್ತಿಗೇ ರಸಾಯನಶಾಸ್ತ್ರದ ಪಾಠ. ನಡುವೆ ಎದ್ದು ಬಸ್ ಸ್ಟ್ಯಾಂಡಿಗೆ ಓಡಬೇಕು. ಹಿಂದಿನ ಬೆಂಚಿನವರು “ಬುತ್ತಿ ಬಂತು ಬುತ್ತಿ ಬಂತು” ಎಂದು ಬೆಂಚು ಬಡಿಯುತ್ತಾರೆ. ಅದಲ್ಲದೆ ಅವನಿಗೆ ಕಾಲೇಜಿನ ಎದುರಿನ ಹೋಟೆಲಿನ ಅನ್ನ ಸಾರು ರುಚಿಸಿತ್ತು. ಕೆಲವು ತಿಂಗಳಿಂದ ರೊಟ್ಟಿಯನ್ನು ಬಸ್ ಸ್ಟ್ಯಾಂಡಿನ ಹಮಾಲರಿಗೆ ಕೊಟ್ಟು, ಬರಿ ಅರಿವೆಯನ್ನು ಸಂಜೆ ಬಸ್ಸಿಗೆ ಕೊಡುತ್ತಿದ್ದ.

“ಬ್ಯಾಡಂತ ಅವ್ವಗ ಹೇಳಿಬಿಡೋ.”

“ಹೇಳೂಣಂತ ಹೋಗಿದ್ನಿ ಅಣ್ಣಾ. ಆಕಿ ಹಿಟ್ಟು ನಾದಾಕತ್ತಿದ್ಲು. ಮುಖ ನೋಡಿ ಬಾಯಿ ಬರಲಿಲ್ಲ. ಹಮಾಲರು ತಿಂದು ‘ನಿಮ್ಮವ್ವನ ಕೈ ಚೊಲೋ ಅದಪ್ಪಾ’ ಅಂತಾರ. ಅವಾಗಂತೂ ಅರಿವಿ ಕಸ್ಕೊಂಡು ಓಡಿ ಬಂದುಬಿಡ್ತೀನಿ.”

ನನಗೆ ಆ ವಾರ ಅಂಕಣಕ್ಕೆ ಒಂದು ಪ್ರಶ್ನೆ ಕಡಿಮೆ ಬಿದ್ದಿತ್ತು. ರೊಟ್ಟಿ ಎಲ್ಲರಿಗೂ ಗೊತ್ತಿರುವ ವಸ್ತು, ನಗು ಗ್ಯಾರಂಟಿ. ಅವನ ಅಪ್ಪನ ಕರಾರು ನನಗೆ ಗೊತ್ತಿತ್ತು. ಬರೆಯುವಾಗ ಅದು ನೆನಪಿಗೆ ಬಂದಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂದಿರಲಿಲ್ಲ. ಬರಬೇಕಾಗಿತ್ತು. ಸುದ್ದಿ ಬರೆಯುವಾಗ, ಇದರಿಂದ ಯಾರ ಮನೆ ಬಾಗಿಲು ಬಡಿಯುತ್ತದೆ ಎಂದು ಒಮ್ಮೆ ಯೋಚಿಸು ಎಂದು ಸಂಪಾದಕರು ನಮಗೆಲ್ಲ ಕಲಿಸಿದ್ದರು. ಹಾಸ್ಯಕ್ಕೆ ಆ ನಿಯಮ ಅನ್ವಯಿಸುವುದಿಲ್ಲವೆಂದು ನಾನೇ ತೀರ್ಮಾನಿಸಿದ್ದೆ.

ಭಾನುವಾರ ಅಚ್ಚಾದದ್ದು ಹೀಗೆ. ಪ್ರಶ್ನೆ: ‘ಅವ್ವ ಕಳಿಸುವ ಬುತ್ತಿ ತಿನ್ನಲಾಗುವುದಿಲ್ಲ, ಬೇಡವೆನ್ನಲು ಬಾಯಿ ಬರುವುದಿಲ್ಲ. ಏನು ಮಾಡಲಿ?’ ಕಾಕಾನ ಉತ್ತರ: ‘ನಿನಗೆ ಬಾಯಿ ಬರದಿದ್ದರೆ ರೊಟ್ಟಿಯೇ ಮಾತಾಡಲಿ. ನಾಳೆ ಅರ್ಧ ರೊಟ್ಟಿಯನ್ನು ಅದೇ ಅರಿವೆಯಲ್ಲಿ ಕಟ್ಟಿ ಸಂಜೆ ಬಸ್ಸಿಗೆ ಹತ್ತಿಸು. ಟಿಕೆಟ್ಟಿಲ್ಲದೆ ಬಂದ ರೊಟ್ಟಿ ಟಿಕೆಟ್ಟಿಲ್ಲದೆ ಹೋಗಲಿ. ಅವ್ವನಿಗೆ ಲೆಕ್ಕ ಬರುತ್ತದೆ. ವಾರದೊಳಗೆ ಗಂಟು ತಾನೇ ತೆಳ್ಳಗಾಗುತ್ತದೆ. ಬುತ್ತಿಯ ಭಾರ ಹೊತ್ತ ಎಲ್ಲ ಹುಡುಗರಿಗೂ ಕಾಕಾನ ಔಷಧ ಇದೇ.’

ಮೊಳೆ ಜೋಡಿಸುವವರು ನಕ್ಕರು. ಪಾಸಾಯಿತು.

ಮಂಗಳವಾರ ಬೆಳಗ್ಗೆ ನಾನು ಕಚೇರಿಗೆ ಹೋಗುವಷ್ಟರಲ್ಲಿ ಸಂಪಾದಕರು ಬಂದು ಕೂತಿದ್ದರು. ಅಷ್ಟು ಬೇಗ ಬರುವವರಲ್ಲ.

“ಊರಾಗ ಏನೋ ರೋಗ ಬಂದದಂತ. ಕಾಲೇಜು ಹುಡುಗರಿಗೆ. ಕಾಮಾಲಿ ಅಂತಾರ ಕೆಲವರು, ಕಾಲರಾ ಅಂತಾರ ಕೆಲವರು. ಬಸ್ ಸ್ಟ್ಯಾಂಡಿನಾಗ ಹಳ್ಳಿ ಮಂದಿ ತುಂಬ್ಯಾರ. ದವಾಖಾನಿಗೆ ಹೋಗಿ ವಿಚಾರಿಸ್ರಿ, ಆಮ್ಯಾಲ ಬಸ್ ಸ್ಟ್ಯಾಂಡ್. ಮೂಲ ಸಿಗೋ ತನಕ ಒಂದು ಅಕ್ಷರ ಬರೀಬ್ಯಾಡ್ರಿ.”

ದವಾಖಾನೆಯಲ್ಲಿ ಯಾವ ವಿದ್ಯಾರ್ಥಿಯೂ ದಾಖಲಾಗಿರಲಿಲ್ಲ. ಡಾಕ್ಟರರೇ ನನ್ನನ್ನು, ಏನಾಗಿದೆ ಎಂದು ಕೇಳಿದರು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಸೈಕಲ್ ತಿರುಗಿಸಿದೆ.

ಸಂಪಾದಕರು ಹೇಳಿದ್ದು ನಿಜ. ಮಾನ್ವಿ ಕಡೆಯ ಒಬ್ಬ ತಾಯಿ ಮಗನ ಹಣೆ ಮುಟ್ಟಿ, ಕುತ್ತಿಗೆ ಮುಟ್ಟಿ, ಮತ್ತೆ ಹಣೆ ಮುಟ್ಟುತ್ತಿದ್ದಳು. ಮಗ ಸುತ್ತಲೂ ನೋಡುತ್ತ, “ಬಿಡಬೇ, ಹುಡುಗ್ಯಾರು ಅದಾರ” ಎನ್ನುತ್ತಿದ್ದ. ಕುರ್ಡಿಯಿಂದ ಬಂದ ಅಜ್ಜನೊಬ್ಬ ಕಾಮಾಲೆಗೆಂದು ಯಾವುದೋ ಸೊಪ್ಪನ್ನು ಅರೆದು ಎಲೆಯಲ್ಲಿ ಕಟ್ಟಿಕೊಂಡು ಬಂದು, ರೋಗವಿಲ್ಲವೆಂದು ಕೈಮುಗಿಯುತ್ತಿದ್ದ ಮೊಮ್ಮಗನಿಗೆ ಹೇಗಾದರೂ ಮಾಡಿ ಕುಡಿಸಿಯೇ ಹೋಗಬೇಕೆಂದು ಹಟ ಹಿಡಿದಿದ್ದ. ದೇವದುರ್ಗದ ಬಸ್ಸಿನ ಕಂಡಕ್ಟರ್ ಚಹಾದಂಗಡಿಯ ಮುಂದೆ ನಿಂತಿದ್ದ. ಅವನನ್ನು ಕೇಳಿದೆ.

“ನನಗೇನ್ ಗೊತ್ರಿ ಸಾಹೇಬ್ರ. ನಿನ್ನಿ ಸಂಜಿಗೆ ಒಂದೂ ಅರಿವಿ ಬರಿದು ಬರಲಿಲ್ಲ. ಎಲ್ಲಾ ಗಂಟಿನಾಗೂ ರೊಟ್ಟಿ. ಊರ ಮುಂದ ಕೊಟ್ಟಾಗ ಹೆಣ್ಣುಮಕ್ಕಳು ಅಲ್ಲೇ ಬಾಯಿ ಬಡ್ಕೊಂಡ್ರು.”

“ರೊಟ್ಟಿ ಉಳಿದ್ರ ಬಾಯಿ ಯಾಕ ಬಡ್ಕೋಬೇಕು?”

ಅವನು ನನ್ನನ್ನು ಕನಿಕರದಿಂದ ನೋಡಿದ. “ನೀವು ಪ್ಯಾಟ್ಯಾವ್ರು. ಬರಿ ಅರಿವಿ ಬಂತಂದ್ರ ಹುಡುಗ ಉಂಡಾನ, ಆರಾಮ ಅದಾನ ಅಂತ ಅರ್ಥ. ಅವರಿಗೆ ಅದೇ ಕಾಗದ, ಅದೇ ತಾರು. ಅದಕ್ಕಂತನೇ ದಿನಾ ಸಂಜಿಗೆ ದಾರಿ ಕಾಯ್ತಾರ. ಹಸಿದ ವಯಸ್ಸಿನ ಹುಡುಗ ರೊಟ್ಟಿ ತಿರುಗಿ ಕಳಿಸ್ಯಾನಂದ್ರ ಜಡ್ಡಾಗಿ ಮಲಗ್ಯಾನ ಅಂತ ಅರ್ಥ. ಅದೂ ಒಬ್ಬ ಅಲ್ಲ, ಇಬ್ಬರಲ್ಲ. ಎಲ್ಲಾರೂ ಒಂದೇ ದಿನ!”

ಸುದ್ದಿಯ ಮೂಲ ಸಿಕ್ಕಿತ್ತು. ನನ್ನ ವೃತ್ತಿಯಲ್ಲಿ ಎಷ್ಟೋ ಗಾಳಿಸುದ್ದಿಗಳ ಬೆನ್ನು ಹತ್ತಿದ್ದೇನೆ. ನನ್ನ ಮೇಜಿನಿಂದಲೇ ಹೊರಟದ್ದು ಅದೊಂದು.

ಉಳಿದವರ ಗಲಾಟೆ ಅರ್ಧ ನಗೆಯಲ್ಲಿ ಮುಗಿಯುತ್ತಿತ್ತು. ಮಗ ನಿಂತಿದ್ದಾನೆ, ಮಾತಾಡುತ್ತಿದ್ದಾನೆ ಎಂದು ಕಂಡ ಕೂಡಲೇ ತಾಯಂದಿರು ಬೈಯಲು ಶುರು ಮಾಡಿದ್ದರು. ಬೈಗುಳ ಬಂತೆಂದರೆ ಭಯ ಹೋಯಿತೆಂದು ಲೆಕ್ಕ. ಆದರೆ ಗಬ್ಬೂರಿನ ಮೇಲೆ ಹಾಯುವ ದೇವದುರ್ಗದ ಬಸ್ಸು ನಿಲ್ಲುವ ಕಡೆ ಬೈಗುಳವಿರಲಿಲ್ಲ. ಅಲ್ಲಿ ನೆಲದ ಮೇಲೆ ಕೋಣೆಯಿಂದ ಹೊತ್ತು ತಂದ ಒಂದು ತಗಡಿನ ಟ್ರಂಕ್ ಇತ್ತು, ಸುತ್ತಿದ ಹಾಸಿಗೆ ಇತ್ತು. ನನ್ನ ಪಕ್ಕದ ಕೋಣೆಯ ಹುಡುಗ ಅದರ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಹೆಗಲ ಮೇಲೆ ಕಂಬಳಿ ಹಾಕಿದ ಎತ್ತರದ ಮನುಷ್ಯ ಅವನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅದು ಅವನ ಅಪ್ಪ. ಸ್ವಲ್ಪ ಆಚೆ ಮಡಿಲಲ್ಲಿ ಗಂಟು ಇಟ್ಟುಕೊಂಡು ಅವ್ವ ಕುಳಿತಿದ್ದಳು.

“ಕುರಿ ಕಣ್ಣು ನೋಡಿದಂಗ ನೋಡಬ್ಯಾಡೋ ಯಪ್ಪಾ. ಮಂದಿ ನೋಡಾಕತ್ತಾರ.”

“ಕುರಿ ಆಗಿದ್ರ ಇಷ್ಟೊತ್ತಿಗೆ ಒದರಿ ಹೇಳ್ತಿತ್ತು. ನಾಲಿಗಿ ತಗಿ.”

“ಆರಾಮ ಅದೀನಿ.”

“ಆರಾಮ ಇದ್ದಾಂವ ರೊಟ್ಟಿ ಯಾಕ ತಿರುಗಿ ಕಳಿಸ್ದಿ?”

ಹುಡುಗನ ಸ್ಥಿತಿ ನನಗೆ ಅರ್ಥವಾಗುತ್ತಿತ್ತು. ಹೊಟ್ಟೆ ಕೆಟ್ಟಿತ್ತು ಎಂದರೆ ಅಪ್ಪನ ಕರಾರು ಜಾರಿಗೆ ಬರುತ್ತದೆ, ಟ್ರಂಕ್ ಬಸ್ಸಿನ ಮೇಲೇರುತ್ತದೆ. ಕೆಟ್ಟಿಲ್ಲ ಎಂದರೆ, ರೊಟ್ಟಿ ಬೇಡವಾಗಿತ್ತು ಎಂದು ಅವ್ವನ ಮುಂದೆ ಹೇಳಬೇಕು. ಮೊದಲನೆಯದು ಸುಳ್ಳು, ಎರಡನೆಯದು ಬಾಯಿಂದ ಹೊರಡದ ನಿಜ. ಅವನು ಎರಡನ್ನೂ ಬಿಟ್ಟು ತನ್ನ ಚಪ್ಪಲಿ ನೋಡುತ್ತಿದ್ದ. ಗಬ್ಬೂರಿನ ಮೇಲೆ ಹೋಗುವ ಬಸ್ಸು ಆಗಲೇ ಬಂದು ನಿಂತಿತ್ತು.

ನಾನು ಮುಂದೆ ಹೋದೆ. ಪೇಪರಿನವನು ಎಂದು ಹೇಳಿಕೊಂಡೆ.

“ಹುಡುಗನ ಮೈಯಾಗ ಏನೂ ಆಗಿಲ್ರಿ ಹಿರ್ಯಾರ. ಪಕ್ಕದ ರೂಮಿನಾಗ ಇರ್ತೀನಿ, ದಿನಾ ನೋಡ್ತೀನಿ. ರೊಟ್ಟಿ ತಿರುಗಿ ಕಳಸ್ರಿ ಅಂತ ನಮ್ಮ ಪೇಪರಿನಾಗ ಬಂದಿತ್ತು. ಅದನ್ನ ಓದಿ ಎಲ್ಲಾ ಹುಡುಗರೂ ಕಳಿಸ್ಯಾರ.”

“ರೊಟ್ಟಿ ಸುದ್ದಿ ಪೇಪರಿನಾಗ ಯಾಕ ಬರ್ತದ?” ಅವನಿಗೆ ನಂಬಿಕೆ ಬರಲಿಲ್ಲ. “ಓದ್ರಿ ಹಂಗಾದ್ರ.”

ಮಂಡಕ್ಕಿ ಒಗ್ಗರಣೆ ಮಾರುವವನ ಹತ್ತಿರ ಭಾನುವಾರದ ಹಾಳೆ ಇತ್ತು, ಪೊಟ್ಟಣ ಕಟ್ಟಲು ಇಟ್ಟಿದ್ದ. ತಂದು ಓದಿದೆ. ನಾನೇ ಬರೆದದ್ದನ್ನು ಅಷ್ಟು ಗಟ್ಟಿಯಾಗಿ ಎಂದೂ ಓದಿರಲಿಲ್ಲ. ‘ಟಿಕೆಟ್ಟಿಲ್ಲದೆ ಬಂದ ರೊಟ್ಟಿ’ ಎಂಬಲ್ಲಿ ಹಿಂದೆ ನಿಂತಿದ್ದ ಹುಡುಗರಿಬ್ಬರು ಕಿಸಕ್ಕೆಂದರು. ಅಪ್ಪ ಅವರ ಕಡೆ ತಿರುಗಿದ.

“ಇನ್ನೊಮ್ಮೆ ಓದ್ರಿ.”

ಇನ್ನೊಮ್ಮೆ ಓದಿದೆ. ಈ ಸಲ ಯಾರೂ ನಗಲಿಲ್ಲ. ಅದರಲ್ಲಿ ನಗುವಂಥದ್ದು ನನಗೂ ಸಿಗಲಿಲ್ಲ. ‘ಬುತ್ತಿಯ ಭಾರ’ ಎಂದು ಓದುವಾಗ ಅವ್ವ ಮಡಿಲಿನ ಗಂಟನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು.

“ಈ ಕಾಕಾ ಅನ್ನಾಂವ ಯಾವ ಊರಾಂವ?”

“ನಾನೇ ರಿ.”

ಹುಡುಗ ಸಟ್ಟನೆ ತಲೆಯೆತ್ತಿ ನನ್ನನ್ನು ನೋಡಿದ. ಅಪ್ಪ ನನ್ನ ಕಾಲಿನಿಂದ ತಲೆಯವರೆಗೆ ಒಮ್ಮೆ ಕಣ್ಣಾಡಿಸಿದ.

“ಮಕ್ಕಳೆಷ್ಟು ನಿಮಗ?”

“ಮದುವಿ ಆಗಿಲ್ರಿ ಇನ್ನೂ.”

ಸುತ್ತ ನಿಂತವರು ಹೋ ಎಂದು ನಕ್ಕರು. ಕುರ್ಡಿಯ ಅಜ್ಜ, “ಮೊದ್ಲ ಇವಂಗ ಕುಡಸ್ತೀನಿ ತಡಿ ಈ ಸೊಪ್ಪು” ಎಂದ. ಅಪ್ಪ ನಗಲಿಲ್ಲ. ಅವನು ನಿಧಾನಸ್ಥ. ಕೇಳಿದ್ದನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದ.

“ಅಂದ್ರ ಮೈಯಾಗ ಏನೂ ಆಗಿಲ್ಲ,” ಎಂದ ಕೊನೆಗೆ. “ರೊಟ್ಟಿ ಬ್ಯಾಡಾಗೇದ.”

ನಿಜ ಹೇಳಿದರೆ ಹುಡುಗ ಉಳಿಯುತ್ತಾನೆಂದು ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕವೂ ತಪ್ಪಾಗಿತ್ತು.

“ಜಡ್ಡಾಗಿದ್ರ ಔಷಧ ಇತ್ತು. ಇವತ್ತು ರೊಟ್ಟಿ ಬ್ಯಾಡಂದಾಂವ ನಾಳಿ ಮನೀ ಬ್ಯಾಡಂತಾನ. ಇಷ್ಟು ಓದಿದ್ದು ಸಾಕು. ಎತ್ತೋ ಟ್ರಂಕು.”

ಹುಡುಗ ಬಗ್ಗಿ ಟ್ರಂಕಿನ ಹಿಡಿಕೆಗೆ ಕೈ ಹಾಕಿದ. ತಾನು ಮಾಡಿದ್ದಕ್ಕೆ ಇದು ಸರಿಯಾದ ಶಿಕ್ಷೆ ಎಂದು ಒಪ್ಪಿಕೊಂಡವನ ಹಾಗೆ ಬಗ್ಗಿದ. ವಾರವಾರವೂ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದೆ.

“ಟ್ರಂಕ್ ಬಿಡೋ,” ಎಂದಳು ಅವ್ವ.

ಅಲ್ಲಿಯವರೆಗೆ ಅವಳು ಬಾಯಿಬಿಟ್ಟಿರಲಿಲ್ಲ. ಗಂಡನ ಕಡೆ ನೋಡದೆ ಟ್ರಂಕನ್ನೇ ನೋಡುತ್ತ ಮಾತಾಡಿದಳು.

“ಬ್ಯಾಡಾಗಿದ್ದು ಆತಗ ಒಬ್ಬಂಗ ಅಲ್ಲ. ನನಗೂ ಬ್ಯಾಡಾಗಿತ್ತು. ದಿನಾ ಬೆಳ್ಳಿಚುಕ್ಕಿ ಮೂಡಾಕ ಏಳೂದು, ಒಲಿ ಹಚ್ಚೂದು, ರೊಟ್ಟಿ ಬಡಿಯೂದು, ಬಸ್ಸು ತಪ್ಪತದಂತ ಓಡೂದು. ಸೊಂಟ ಹಿಡ್ದು ಎಷ್ಟ್ ದಿನ ಆತು. ನಾ ಬಿಟ್ರ ಹುಡುಗ ಏನ್ ತಿಳ್ಕೊಂತಾನೋ ಅಂತ ಬಡಿಯಾಕತ್ತಿದ್ನಿ. ಆತ ಬ್ಯಾಡಂದ್ರ ನಾ ಏನ್ ತಿಳ್ಕೊಂತೀನೋ ಅಂತ ಆತ ತಗೊಳ್ಳಾಕತ್ತಿದ್ದ. ಚೊಲೋ ಆತು ಬಿಡ್ರಿ. ಈ ಪೇಪರಿನ ತಮ್ಮ ಇಬ್ಬರದೂ ಬಿಡಿಸಿದ.”

“ನನ್ ಮುಂದ ಒಂದಿನಾನೂ ಅಂದಿಲ್ಲ,” ಎಂದ ಅಪ್ಪ.

“ನೀ ಕೇಳಿದ್ದೇನು? ಕುರಿ ಕಣ್ಣು ನೋಡ್ತಿ, ಹುಡುಗನ ಕಣ್ಣು ನೋಡ್ತಿ. ನನ್ ಸೊಂಟ ಯಾವತ್ತು ನೋಡಿದಿ?”

ಈ ಸಲ ಹೆಣ್ಣುಮಕ್ಕಳು ನಕ್ಕರು, ಸೆರಗು ಬಾಯಿಗೆ ಹಿಡಿದು ಜೋರಾಗಿಯೇ ನಕ್ಕರು. ಅಪ್ಪ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಟ್ರಂಕಿನ ಮೇಲೆ ಒಂದು ಕಾಲಿಟ್ಟ. ಕಂಡಕ್ಟರ್ ಒಂದು ಸೀಟಿ ಊದಿದ.

“ಪರೀಕ್ಷಾ ಮುಗಿಯೋ ತನಕ ಇರ್ಲಿ. ಆಮ್ಯಾಲ ನೋಡೂಣು.” ಆಮೇಲೆ ಮಗನಿಗೆ, “ಹೋಟ್ಲಾಗ ಬಾಡಿದ್ದು, ಹಳಸಿದ್ದು ತಿಂದು ಮಲಗಿದಿ ಅಂದ್ರ ಮತ್ತ ಮಾತಿಲ್ಲ,” ಎಂದ.

ಹುಡುಗ ತಲೆಯಾಡಿಸಿದ. ಅವ್ವನ ಹತ್ತಿರ ಹೋಗಿ ನಿಂತ. ಅವಳು ಅವನ ಅಂಗಿಯ ಕಾಲರು ಸರಿಮಾಡಿ, “ಹೊತ್ತಾತು, ಸಾಲಿಗೆ ನಡಿ” ಎಂದಳು. ಕಾಲೇಜನ್ನೂ ಅವಳು ಸಾಲಿ, ಅಂದರೆ ಶಾಲೆ, ಎಂದೇ ಕರೆಯುತ್ತಿದ್ದಳು.

ಅವಳು ಹೇಳಿದ್ದು ನಿಜವೇ, ಮಗನನ್ನು ಉಳಿಸಲು ಆ ಕ್ಷಣಕ್ಕೆ ಹುಟ್ಟಿಸಿದ ಮಾತೇ, ನನಗೆ ತಿಳಿಯದು. ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು ನನ್ನ ಕಸುಬು. ಕಂಡದ್ದನ್ನೂ ಬರೆಯಬೇಕು. ಸೊಂಟ ಹಿಡಿದು ರೊಟ್ಟಿ ಬೇಡವಾಗಿದ್ದ ಆ ತಾಯಿ, ಮಗ ಹಾಸಿಗೆ ಹಿಡಿದಿದ್ದಾನೆಂದು ಗಾಬರಿಯಾಗಿ ಓಡಿಬಂದ ಆ ಮುಂಜಾನೆಯೂ ರೊಟ್ಟಿ ಬಡಿದುಕೊಂಡೇ ಬಂದಿದ್ದಳು. ಗಂಟು ದೊಡ್ಡದಿತ್ತು. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕುಳಿತಾಗಲೂ ಅದು ಅವಳ ಮಡಿಲಲ್ಲೇ ಇತ್ತು. ಅದನ್ನು ಕೊಡಲು ಅವಳು ಕೈ ಚಾಚಲಿಲ್ಲ. ಮಗ ಅದನ್ನು ನೋಡುತ್ತಿದ್ದ, ಕೊಡು ಎನ್ನಲಿಲ್ಲ. ಇಬ್ಬರಿಗೂ ಈಗಷ್ಟೇ ಆದ ಒಪ್ಪಂದ ಮುರಿಯುವ ಧೈರ್ಯವಿರಲಿಲ್ಲವೆಂದು ಕಾಣುತ್ತದೆ. ಬಸ್ಸು ಹೋಯಿತು.

ಟ್ರಂಕನ್ನು ನಾವಿಬ್ಬರೂ ಒಂದೊಂದು ಕಡೆ ಹಿಡಿದು ಚಾಳಿಗೆ ತಂದೆವು. ದಾರಿಯಲ್ಲಿ ಅವನು ಒಂದೇ ಮಾತಾಡಿದ: “ನೀವಽ ಕಾಕಾ ಅಂತ ಗೊತ್ತಿದ್ರ ಕೇಳ್ತಿದ್ದಿಲ್ಲ ಅಣ್ಣಾ.” ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ತಾಗಿತು.

ಕಚೇರಿಯಲ್ಲಿ ಸಂಪಾದಕರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಮರುದಿನದ ಮೊದಲ ಪುಟಕ್ಕೆ ಸ್ಪಷ್ಟನೆ ಬರೆಯಲು ಹೇಳಿದರು. ಊರಿನಲ್ಲಿ ಯಾವ ರೋಗವೂ ಇಲ್ಲ, ಹುಡುಗರು ಕ್ಷೇಮವಾಗಿದ್ದಾರೆ, ರೊಟ್ಟಿ ಮರಳಿದ್ದು ನಮ್ಮ ಅಂಕಣದ ಸಲಹೆಯಿಂದ, ಅದಕ್ಕಾಗಿ ವಿಷಾದಿಸುತ್ತೇವೆ. ಅದಕ್ಕಿಂತ ಹೆಚ್ಚಿಗೆ ಬರೆದಿದ್ದ ಸಾಲುಗಳನ್ನು ಹೊಡೆದು ಹಾಕಿದರು. “ನಿಮ್ಮ ಮನಸ್ಸಿಗೆ ಏನಾತು ಅನ್ನೂದು ಸುದ್ದಿ ಅಲ್ರಿ,” ಎಂದರು. ಅಂಕಣ ನಿಲ್ಲಲಿಲ್ಲ. ನಿಲ್ಲಿಸುತ್ತೇನೆಂದು ನಾನು ಹೇಳಿದೆ, ಅವರು ಒಪ್ಪಲಿಲ್ಲ. ಬರೆದ ಮೇಲೆ ಎದ್ದು ಹೋಗುವುದು ಸುಲಭ, ಕೂತು ಸರಿಯಾಗಿ ಬರೆಯಿರಿ ಎಂದರು. ಅಂದಿನಿಂದ ಮನೆಯ ಸಂಗತಿ ಇದ್ದ ಪ್ರಶ್ನೆ ಬಂದರೆ ಉತ್ತರ ಬರೆಯುವ ಮೊದಲು ಆ ಊರಿನವರು ಯಾರನ್ನಾದರೂ ಹುಡುಕಿ ಕೇಳುತ್ತಿದ್ದೆ. ಅಂಕಣದ ನಗು ಕಡಿಮೆಯಾಯಿತೆಂದು ಮೊಳೆ ಜೋಡಿಸುವವರು ದೂರಿದರು.

ಇತರ ಹುಡುಗರ ಬುತ್ತಿ ಎಂದಿನಂತೆ ಬರತೊಡಗಿತು. ಗಬ್ಬೂರಿನ ಆ ಒಂದು ಗಂಟು ಮಾತ್ರ ಬರಲಿಲ್ಲ. ಹುಡುಗ ರಸಾಯನಶಾಸ್ತ್ರದ ಪಾಠವನ್ನು ಪೂರ್ತಿ ಕೂತು ಕೇಳಿದ, ಹೋಟೆಲಿನಲ್ಲಿ ಅನ್ನ ಸಾರು ಉಂಡ. ಕೇಳಿದ್ದು ಅವನಿಗೆ ಸಿಕ್ಕಿತ್ತು. ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆಯಲ್ಲಿ ಪಾಸಾದ. ಅಪ್ಪ ಮತ್ತೆ ಟ್ರಂಕಿನ ಮಾತೆತ್ತಲಿಲ್ಲ. ಮೂರನೇ ವರ್ಷಕ್ಕೂ ಅವನು ನನ್ನ ಪಕ್ಕದ ಕೋಣೆಯಲ್ಲೇ ಇದ್ದ.

ಆ ವರ್ಷದ ಚಳಿಗಾಲದಲ್ಲಿ ಒಂದು ಸಭೆಯ ವರದಿಗೆಂದು ದೇವದುರ್ಗಕ್ಕೆ ಹೋಗಿ ಅಲ್ಲೇ ಉಳಿದು, ಮುಂಜಾನೆಯ ಮೊದಲ ಬಸ್ಸಿಗೆ ಹೊರಟೆ. ಗಬ್ಬೂರಿನಲ್ಲಿ ಬಸ್ಸು ನಿಂತಿತು. ಇನ್ನೂ ಮಸುಕು. ಶಾಲು ಹೊದ್ದ ಹೆಣ್ಣುಮಕ್ಕಳು ಮುಂಬಾಗಿಲಿಗೆ ಮುತ್ತಿ ಗಂಟುಗಳನ್ನು ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಅವರ ನಡುವೆ ಪಕ್ಕದ ಕೋಣೆಯ ಹುಡುಗನ ಅವ್ವನೂ ಇದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಮಗ ಉಂಡನೆಂದು ಹೇಳುವ ಬರಿ ಅರಿವೆ ಈಗ ಅವಳಿಗೆ ಸಂಜೆ ಬರುತ್ತಿರಲಿಲ್ಲ. ನಾನು ಕಿಟಕಿಯಿಂದ ಮುಖ ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು.

“ಕಾಕಾ ಅಲ್ಲೇನ್ರಿ? ಮದುವಿ ಆತೇನು?”

“ಇಲ್ಲ ಯವ್ವಾ.”

“ಹಂಗಾದ್ರ ಇನ್ನೂ ಬುದ್ಧಿ ಹೇಳಾಕತ್ತೀರಿ ಅನ್ರಿ.” ನಕ್ಕಳು. ಕಿಟಕಿಯ ಕಂಬಿ ಹಿಡಿದು ಹತ್ತಿರ ಬಂದಳು. “ಹುಡುಗ ಉಣ್ಣಾಕತ್ತಾನೇನ್ರಿ?”

“ಉಣ್ಣಾಕತ್ತಾನ ಯವ್ವಾ.”

“ಎರಡೂ ಹೊತ್ತು?”

“ಎರಡೂ ಹೊತ್ತು. ಹೊಟ್ಟಿ ತುಂಬ ಉಣ್ತಾನ.”

ನಿಜವನ್ನೇ ಹೇಳಿದ್ದೆ. ಇನ್ನೂ ಏನಾದರೂ ಕೇಳುತ್ತಾಳೆಂದು ಕಾದೆ. ಅವಳು ಕಂಬಿ ಬಿಟ್ಟಳು. ಹಿಂದಿನಿಂದ ಒಬ್ಬ ಹೆಣ್ಣುಮಗಳು ಗಂಟು ಹಿಡಿದು ಅವಸರದಲ್ಲಿ ಓಡಿಬರುತ್ತಿದ್ದಳು. ಅವಳಿಗೆ ದಾರಿ ಮಾಡಿಕೊಡಲು ಅವ್ವ ಪಕ್ಕಕ್ಕೆ ಸರಿದು ನಿಂತಳು.